ರಕ್ತದಲ್ಲಿ ದೋಷವಿಲ್ಲ, ಅರಿವಿನಲ್ಲಿ ಕೊರತೆಯಿದೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ತಗಡಿನ ಮಾಡಿನ ಕೆಳಗೆ ನಡೆದ ಮೊದಲ ತರಗತಿಗಳು, ಮಳೆಗಾಲದಲ್ಲಿ ಪಾಠವೇ ಕೇಳಿಸದ ಸದ್ದು, ವಿಜಾಪುರ, ಬಾಗಲಕೋಟೆ, ಗದಗ, ಧಾರವಾಡಗಳ ಕಡೆಯಿಂದ ದುಡಿಯಲು ಬಂದು ಸಾಂಕೋಲೆ, ಜುವಾರಿನಗರಗಳಲ್ಲಿ ನೆಲೆನಿಂತ ನಮ್ಮ ಜನರ ಕಷ್ಟಸುಖ, ಇವುಗಳನ್ನೆಲ್ಲ ಇತರ ಹಿರಿಯರು ನನಗಿಂತ ಚೆನ್ನಾಗಿ ಬರೆದಿರುತ್ತಾರೆ. ಇಲ್ಲಿ ಬಹುಕಾಲ ವಿಜ್ಞಾನ ಕಲಿಸಿದವನಾದ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ನಾನು ಮಾಡಿದ ಒಂದು ತಪ್ಪಿಗೆ ಸಂಬಂಧಿಸಿದುದು. ಹಬ್ಬದ ಹೊತ್ತಿನಲ್ಲಿ ತಪ್ಪೊಪ್ಪಿಗೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಐವತ್ತು ತುಂಬಿದ ಸಂಸ್ಥೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಸಮಯ ಬೇರೆಯಿಲ್ಲ.

ಹಲವು ವರ್ಷಗಳ ಹಿಂದೆ ನಮ್ಮ ಮೇಲಿನ ತರಗತಿಯ ಮಕ್ಕಳಿಗೆ ರಕ್ತದ ಗುಂಪನ್ನು ಕಂಡುಹಿಡಿಯುವ ಶಿಬಿರವೊಂದನ್ನು ಏರ್ಪಡಿಸಿದ್ದೆವು. ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಎರಡು ಮೂರು ಹನಿ ರಕ್ತವನ್ನಿಟ್ಟು, ಔಷಧದ ಹನಿ ಬೆರೆಸಿ ನೋಡುವ ಪರೀಕ್ಷೆ. ಮಕ್ಕಳ ಕಾರ್ಡುಗಳಲ್ಲಿ ಫಲಿತಾಂಶವನ್ನು ಬರೆಯುವ ಕೆಲಸ ನನ್ನದಾಗಿತ್ತು. ಒಬ್ಬ ಹುಡುಗಿಯ ಕಾರ್ಡಿನಲ್ಲಿ ನಾನು ‘ಓ’ ಎಂದು ಬರೆದೆ. ಅವಳು ಬಾಗಲಕೋಟೆ ಕಡೆಯವಳು. ತಂದೆ ಕಟ್ಟಡದ ಕೆಲಸದವರು. ನಮ್ಮ ಕಡೆ ವಾಡಿಕೆಯಿರುವಂತೆ ಅವರು ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದರು.

ಆ ಹುಡುಗಿ ಬೆಳೆದು, ಮದುವೆಯಾಗಿ, ಎರಡನೆಯ ಹೆರಿಗೆಗೆ ಆಸ್ಪತ್ರೆ ಸೇರಿದಾಗ ವಿಪರೀತ ರಕ್ತಸ್ರಾವವಾಯಿತು. ಕಾರ್ಡಿನಲ್ಲಿ ‘ಓ’ ಎಂದಿತ್ತು. ‘ಓ’ ಗುಂಪಿನ ರಕ್ತ ಸುಲಭವಾಗಿ ಸಿಗುವಂಥದು. ಆದರೆ ಕೊಡುವ ಮುನ್ನ ರಕ್ತ ಹೊಂದುತ್ತದೆಯೇ ಎಂದು ಬೆರೆಸಿ ನೋಡಿದಾಗ ಒಂದು ಬಾಟಲಿಯೂ ಹೊಂದಲಿಲ್ಲ. ಎರಡನೆಯದೂ ಇಲ್ಲ, ಐದನೆಯದೂ ಇಲ್ಲ. ಪ್ರಯೋಗಾಲಯದ ಸಿಬ್ಬಂದಿ ಅನುಮಾನಗೊಂಡು ಮತ್ತೊಂದು ಪರೀಕ್ಷೆ ಮಾಡಿದರು. ಅವಳ ರಕ್ತ ‘ಓ’ ಆಗಿರಲಿಲ್ಲ. ‘ಬಾಂಬೆ’ ಎಂಬ ಅಪರೂಪದ ಗುಂಪಿನದಾಗಿತ್ತು. ಹೊಂದುವ ರಕ್ತ ದೂರದ ಊರಿನಿಂದ ಬರುವಷ್ಟರಲ್ಲಿ ಮರುದಿನವಾಯಿತು. ದೇವರ ದಯೆ, ವೈದ್ಯರ ಶ್ರಮ, ತಾಯಿ ಮಗು ಇಬ್ಬರೂ ಉಳಿದರು. ನೋಡಲು ಹೋದಾಗ ಅವಳು ಹಳೆಯ ಕಾರ್ಡನ್ನು ತೆಗೆದು ತೋರಿಸಿ, “ಸರ, ಇದನ್ನ ನೀವss ಬರದು ಕೊಟ್ಟಿದ್ರಿ” ಎಂದಳು. ಆಕ್ಷೇಪಣೆಯ ದನಿಯಲ್ಲಿ ಹೇಳಿದ ಮಾತಲ್ಲ ಅದು. ಗುರುವಿನ ಅಕ್ಷರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ ಎಂಬ ಅಭಿಮಾನದ ಮಾತು. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. “ಇವರ ಮನೆತನದ ರಕ್ತದಲ್ಲೇ ದೋಷವಿದೆ” ಎಂಬ ಮಾತು ಗಂಡನ ಮನೆಯಲ್ಲಿ ಹುಟ್ಟಿ ಓಣಿಯಲ್ಲೆಲ್ಲ ಹರಡಿತು. ಅವಳ ತಂಗಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿತ್ತು. ಅಣ್ಣನ ರಕ್ತವೂ ಅದೇ ಆಗಿರುವ ಸಂಭವವಿದೆ, ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ವೈದ್ಯರು ಹೇಳಿದರೆ, ಅವನು “ನನಗೂ ಆ ಹೆಸರು ಬೇಡ” ಎಂದು ತಪ್ಪಿಸಿಕೊಂಡು ತಿರುಗಿದ. ತಂಗಿಯ ಜೀವಕ್ಕೆ ಒದಗಬಹುದಾಗಿದ್ದ ರಕ್ತ ಅದೇ ಮನೆಯಲ್ಲಿದ್ದೂ ನಾಚಿಕೆಯ ಬಾಗಿಲು ಹಾಕಿಕೊಂಡು ಕುಳಿತಿತ್ತು. ಈ ನಾಚಿಕೆಗೆ ವಿಜ್ಞಾನದಲ್ಲಿ ಎಳ್ಳಷ್ಟೂ ಆಧಾರವಿಲ್ಲ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಸಕ್ಕರೆ ಪೋಣಿಸುವ ಕಿಣ್ವಗಳು

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಇಲ್ಲಿ ಹೇಳಹೊರಟಿರುವುದು ಸಕ್ಕರೆ ಕಾಯಿಲೆಯ ವಿಚಾರವಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಮೈಯಲ್ಲಿ ನಾನಾ ಬಗೆಯ ಸಕ್ಕರೆಗಳ ಸಣ್ಣ ಸಣ್ಣ ಸರಗಳು ತೂಗುತ್ತಿರುತ್ತವೆ. ಈ ಸರಗಳನ್ನು ಕಟ್ಟುವ ಕೆಲಸ ಕೆಲವು ಕಿಣ್ವಗಳದು. ವಿಜ್ಞಾನಿಗಳು ಇವುಗಳನ್ನು ಗ್ಲೈಕೋಸಿಲ್ ಟ್ರಾನ್ಸ್‌ಫರೇಸ್‌ಗಳೆಂದು ಕರೆಯುತ್ತಾರೆ. ಹೂವಾಡಗಿತ್ತಿ ಮಾಲೆ ಕಟ್ಟುವುದನ್ನು ನೆನೆಯಿರಿ. ಒಬ್ಬಳು ಮಲ್ಲಿಗೆಯನ್ನಷ್ಟೇ ಪೋಣಿಸುತ್ತಾಳೆ. ಅದರ ತುದಿಗೆ ಅಬ್ಬಲಿಗೆ ಸೇರಿಸುವವಳು ಇನ್ನೊಬ್ಬಳು. ಅವಳ ಸರದಿ ಬರುವುದು ಮೊದಲಿನವಳು ಕೆಲಸ ಮುಗಿಸಿದ ಮೇಲೆ. ಅಂತೆಯೇ ಪ್ರತಿಯೊಂದು ಕಿಣ್ವವೂ ಒಂದು ಗೊತ್ತಾದ ಸಕ್ಕರೆಯನ್ನು ಒಂದು ಗೊತ್ತಾದ ಸ್ಥಳಕ್ಕೆ ಮಾತ್ರ ಅಂಟಿಸುತ್ತದೆ. ಮನುಷ್ಯನಲ್ಲಿ ಇಂಥ ಕಿಣ್ವಗಳನ್ನು ರೂಪಿಸುವ ವಂಶವಾಹಿಗಳು ಇನ್ನೂರಕ್ಕೂ ಹೆಚ್ಚಿವೆ.

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆಯೆಂದು ತೋರಿಸಿದರು; ಅದಕ್ಕಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಆ ಗುಂಪುಗಳು ಬೇರೇನೂ ಅಲ್ಲ, ಕೆಂಪು ರಕ್ತಕಣದ ಮೈಮೇಲಿನ ಸಕ್ಕರೆಯ ಸರಗಳ ತುದಿಗಳು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಅನಂತರ, ಮುಖ್ಯವಾಗಿ ಲಂಡನ್ನಿನ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್‌ಕಿನ್ಸ್ ಅವರ ಸಂಶೋಧನೆಯಿಂದ. ಕ್ರಮ ಹೀಗಿದೆ. ಮೊದಲು ಒಂದು ಕಿಣ್ವವು ಸರದ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಜೋಡಿಸುತ್ತದೆ. ಹೀಗೆ ಸಿದ್ಧವಾದ ತುದಿಗೆ ‘ಎಚ್’ ಎಂದು ಹೆಸರು. ಈ ‘ಎಚ್’ ಇದ್ದರೆ ಮಾತ್ರ ಮುಂದಿನ ಕಿಣ್ವಕ್ಕೆ ಕೆಲಸ. ‘ಎ’ ಕಿಣ್ವವಿರುವವರಲ್ಲಿ ಅದಕ್ಕೆ ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆಯೂ ‘ಬಿ’ ಕಿಣ್ವವಿರುವವರಲ್ಲಿ ಗ್ಯಾಲಕ್ಟೋಸ್ ಎಂಬ ಸಕ್ಕರೆಯೂ ಸೇರುತ್ತವೆ. ಎರಡೂ ಕಿಣ್ವಗಳಿದ್ದರೆ ‘ಎಬಿ’. ಎರಡೂ ಇಲ್ಲದಿದ್ದರೆ ‘ಎಚ್’ ತುದಿ ಹಾಗೆಯೇ ಬರಿದಾಗಿ ಉಳಿಯುತ್ತದೆ, ಅದೇ ‘ಓ’.

1990ರಲ್ಲಿ ಯಾಮಾಮೋಟೊ ಮತ್ತು ಸಂಗಡಿಗರು ಈ ವಂಶವಾಹಿಯನ್ನು ಓದಿದಾಗ ಒಂದು ಸೋಜಿಗ ಹೊರಬಿದ್ದಿತು. 354 ಅಮೈನೋ ಆಮ್ಲಗಳುಳ್ಳ ಈ ಕಿಣ್ವದಲ್ಲಿ ‘ಎ’ಗೂ ‘ಬಿ’ಗೂ ಇರುವ ವ್ಯತ್ಯಾಸ ಕೇವಲ ನಾಲ್ಕು. ಇನ್ನು ‘ಓ’ ಗುಂಪಿಗೆ ಬಹುಮಟ್ಟಿಗೆ ಕಾರಣ, ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋದದ್ದು. ಆ ಅಕ್ಷರ ಬಿದ್ದುಹೋದೊಡನೆ ಮುಂದಿನ ಬರಹವೆಲ್ಲ ಅರ್ಥಹೀನವಾಗಿ ಕಿಣ್ವವೇ ತಯಾರಾಗದು. ನಮ್ಮ ದೇಶದಲ್ಲಿ ಸುಮಾರು ಮೂವರಲ್ಲಿ ಒಬ್ಬರು ‘ಓ’ ಗುಂಪಿನವರು. ಅವರೆಲ್ಲರೂ ಒಂದು ಕಿಣ್ವವನ್ನು ಕಳೆದುಕೊಂಡವರೇ. ಹಾಗೆಂದು ‘ಓ’ ಗುಂಪಿನವರ ಮನೆತನದಲ್ಲಿ ದೋಷವಿದೆಯೆಂದು ಯಾರೂ ಸಂಬಂಧ ಮುರಿದದ್ದನ್ನು ನಾನು ಕೇಳಿಲ್ಲ.

ಈ ಸಕ್ಕರೆಗಳನ್ನು ಗುರುತಿಸುವ ಶಕ್ತಿ ಕೆಲವು ಕಾಳುಗಳಿಗೂ ಇದೆ. ನಮ್ಮ ಹೊಲದ ಹುರಳಿಯಿಂದ ತೆಗೆದ ಸತ್ವವು ‘ಎ’ ಗುಂಪಿನ ಒಳಭೇದವನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಬಳಕೆಯಾಗುತ್ತದೆ. ಯೂಲೆಕ್ಸ್ ಎಂಬ ವಿದೇಶೀ ಮುಳ್ಳುಗಿಡದ ಬೀಜದ ಸತ್ವವು ‘ಎಚ್’ ತುದಿಯನ್ನು ಗುರುತಿಸುತ್ತದೆ. ಹುರಳಿ ಸಾರು ಉಂಡು ಬೆಳೆದ ನಮ್ಮ ಮಕ್ಕಳಿಗೆ ಈ ಮಾತನ್ನು ಹೇಳಿದಾಗ ಅವರ ಕಣ್ಣು ಅರಳುವುದನ್ನು ಕಂಡಿದ್ದೇನೆ.

ಮುಂಬಯಿಯಲ್ಲಿ ಕಂಡ ಹೊಸ ರಕ್ತ

ಈಗ ‘ಬಾಂಬೆ’ ಗುಂಪಿನ ಮಾತಿಗೆ ಬರೋಣ. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಸಹೋದ್ಯೋಗಿಗಳು ಲಂಡನ್ನಿನ ತಜ್ಞರೊಂದಿಗೆ ಸೇರಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಹೊಸ ಬಗೆಯ ರಕ್ತವನ್ನು ವರ್ಣಿಸಿದರು. ಗಾಯಗೊಂಡ ಒಬ್ಬ ರೈಲ್ವೆ ಕೆಲಸಗಾರ, ಇರಿತಕ್ಕೊಳಗಾದ ಇನ್ನೊಬ್ಬ ವ್ಯಕ್ತಿ, ಇವರ ರಕ್ತಕ್ಕೆ ಯಾವ ಗುಂಪೂ ಹೊಂದಲಿಲ್ಲ. ಕಾರಣವೇನೆಂದರೆ, ಇವರಲ್ಲಿ ಮೊದಲನೆಯ ಹೂವೇ ಇರಲಿಲ್ಲ. ಫ್ಯೂಕೋಸ್ ಜೋಡಿಸುವ ಕಿಣ್ವ ಕೆಲಸ ಮಾಡದೆ ‘ಎಚ್’ ತುದಿಯೇ ಸಿದ್ಧವಾಗಿರಲಿಲ್ಲ. ‘ಎಚ್’ ಇಲ್ಲದ ಮೇಲೆ ‘ಎ’, ‘ಬಿ’ ಕಿಣ್ವಗಳಿದ್ದರೂ ಅವು ಸಕ್ಕರೆಯನ್ನು ಎಲ್ಲಿಗೆ ಅಂಟಿಸಬೇಕು?

ಸಾಮಾನ್ಯ ಪರೀಕ್ಷೆಯಲ್ಲಿ ನಾವು ಹುಡುಕುವುದು ‘ಎ’ ಮತ್ತು ‘ಬಿ’ ತುದಿಗಳನ್ನು ಮಾತ್ರ. ಎರಡೂ ಕಾಣದಿದ್ದರೆ ‘ಓ’ ಎಂದು ಬರೆದುಬಿಡುತ್ತೇವೆ. ಬಾಂಬೆ ಗುಂಪಿನವರಲ್ಲೂ ಅವೆರಡೂ ಕಾಣುವುದಿಲ್ಲ. ಶಿಬಿರದಲ್ಲಿ ನಾನು ಎಡವಿದ್ದು ಇಲ್ಲಿಯೇ. ಆದರೆ ಇವರ ರಕ್ತದ್ರವದಲ್ಲಿ ‘ಎ’, ‘ಬಿ’ಗಳಿಗೆ ವಿರುದ್ಧವಾದ ಪ್ರತಿಕಾಯಗಳಷ್ಟೇ ಅಲ್ಲದೆ ‘ಎಚ್’ಗೂ ವಿರುದ್ಧವಾದ ಪ್ರತಿಕಾಯಗಳಿರುತ್ತವೆ. ಆದ್ದರಿಂದ ‘ಓ’ ರಕ್ತವನ್ನು ಕೊಟ್ಟರೆ ಆ ರಕ್ತಕಣಗಳು ಒಡೆದು ಪ್ರಾಣಾಪಾಯವಾಗುತ್ತದೆ. ಇವರಿಗೆ ಬಾಂಬೆ ಗುಂಪಿನ ರಕ್ತವೇ ಆಗಬೇಕು. “ಓ ಗುಂಪಿನವರು ಎಲ್ಲರಿಗೂ ರಕ್ತ ಕೊಡಬಹುದು” ಎಂದು ನಾನು ವರ್ಷಾನುವರ್ಷ ಕರಿಹಲಗೆಯ ಮೇಲೆ ಬರೆದ ವಾಕ್ಯಕ್ಕೆ ಇವರು ಅಪವಾದ.

ಭಾರತದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರು ಈ ಗುಂಪಿನವರೆಂದು ಅಂದಾಜು. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಸಿಕ್ಕಿದರೆ ಹೆಚ್ಚು. ವರದಿಯಾದ ಭಾರತೀಯರಲ್ಲಿ ಮಹಾರಾಷ್ಟ್ರದವರದು ದೊಡ್ಡ ಪಾಲು. ಕರ್ನಾಟಕ, ಗೋವಾಗಳಿಂದಲೂ ಇಂಥವರು ವರದಿಯಾಗಿದ್ದಾರೆ. ಆದ್ದರಿಂದ ಹೆಸರು ಮುಂಬಯಿಯದಾದರೂ ಇದು ನಮ್ಮ ಮನೆಯ ವಿಷಯವೇ.

ಕಳೆದುಕೊಂಡದ್ದೆಲ್ಲ ದೋಷವಲ್ಲ

ಹಾಗಾದರೆ ಕಿಣ್ವವೊಂದು ಇಲ್ಲದಿರುವುದು ದೋಷವಲ್ಲವೇ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರವನ್ನು ಪ್ರಾಣಿಗಳ ವಿಕಾಸದ ಇತಿಹಾಸದಲ್ಲಿ ಹುಡುಕಬೇಕು.

ಆಕಳು, ಆಡು, ನಾಯಿ, ಹಂದಿ ಮುಂತಾದ ಬಹುತೇಕ ಸಸ್ತನಿಗಳ ಜೀವಕೋಶಗಳ ಮೇಲೆ ‘ಆಲ್ಫಾ ಗ್ಯಾಲ್’ ಎಂಬ ಒಂದು ಸಕ್ಕರೆಯ ತುದಿ ಇರುತ್ತದೆ. ಅದನ್ನು ಅಂಟಿಸುವ ಕಿಣ್ವವು ನಮ್ಮ ‘ಎ’, ‘ಬಿ’ ಕಿಣ್ವಗಳ ಹತ್ತಿರದ ಬಂಧು. ಪ್ರಾಚೀನ ಕಾಲದಲ್ಲಿ ಒಂದೇ ವಂಶವಾಹಿಯು ಇಮ್ಮಡಿಗೊಂಡು, ಅದರ ಪ್ರತಿಗಳು ಕ್ರಮೇಣ ಬೇರೆ ಬೇರೆ ಕೆಲಸಗಳನ್ನು ವಹಿಸಿಕೊಂಡು ಈ ಕುಟುಂಬ ಬೆಳೆದಿದೆ. ಆದರೆ ಮನುಷ್ಯನಲ್ಲಿ ಆಲ್ಫಾ ಗ್ಯಾಲ್ ಕಿಣ್ವವಿಲ್ಲ. ಚಿಂಪಾಂಜಿಯಲ್ಲಿಲ್ಲ. ನಮ್ಮ ಊರಿನ ಮರಗಳಲ್ಲಿ ಜಿಗಿದಾಡುವ ಮಂಗನಲ್ಲಿಲ್ಲ, ಮುಸುವನಲ್ಲೂ ಇಲ್ಲ. ಸುಮಾರು 2ರಿಂದ 3 ಕೋಟಿ ವರ್ಷಗಳ ಹಿಂದೆ ನಮ್ಮೆಲ್ಲರ ಪೂರ್ವಜರಲ್ಲಿ ಆ ವಂಶವಾಹಿ ಕೆಟ್ಟು ನಿಂತುಹೋಯಿತು. ಅದರ ಮುರುಕು ಇಂದಿಗೂ ನಮ್ಮ ವರ್ಣತಂತುಗಳಲ್ಲಿ ಬಿದ್ದುಕೊಂಡಿದೆ. ಆ ಸಕ್ಕರೆ ಈಗ ನಮಗೆ ಪರಕೀಯವಾದ್ದರಿಂದ ಪ್ರತಿಯೊಬ್ಬರ ರಕ್ತದಲ್ಲೂ ಅದಕ್ಕೆ ವಿರುದ್ಧವಾದ ಪ್ರತಿಕಾಯಗಳಿವೆ. ಹಲವು ಸೂಕ್ಷ್ಮಾಣುಗಳು ಅದೇ ಸಕ್ಕರೆಯನ್ನು ಹೊತ್ತು ಬರುವುದರಿಂದ ಈ ನಷ್ಟವು ರೋಗಗಳ ವಿರುದ್ಧ ನಮಗೆ ಒಂದು ಬಲವನ್ನು ಕೊಟ್ಟಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಹಂದಿಯ ಹೃದಯವನ್ನು ಮನುಷ್ಯನಿಗೆ ಜೋಡಿಸಿದಾಗ, ಆ ಹಂದಿಯಲ್ಲಿ ಈ ಕಿಣ್ವದ ವಂಶವಾಹಿಯನ್ನು ಮೊದಲೇ ತೆಗೆದುಹಾಕಿದ್ದರು. ಆ ರೋಗಿ ಸುಮಾರು ಎರಡು ತಿಂಗಳು ಬದುಕಿದರು.

ಯೋಚಿಸಿ ನೋಡಿ. ಹಸುವಿನ ದೃಷ್ಟಿಯಿಂದ ಇಡೀ ಮನುಕುಲವೇ ‘ಬಾಂಬೆ ಗುಂಪಿನದು’. ಎಲ್ಲ ಜಾತಿ, ಎಲ್ಲ ಭಾಷೆ, ಎಲ್ಲ ರಾಜ್ಯಗಳ ಮನುಷ್ಯರೂ ಒಂದೇ ನಷ್ಟದ ವಾರಸುದಾರರು. ಇಲ್ಲಿ ಕನ್ನಡಿಗ, ಕೊಂಕಣಿಗ, ಒಳಗಿನವ, ಹೊರಗಿನವ ಎಂಬ ಭೇದವಿಲ್ಲ.

‘ಓ’ ಗುಂಪಿನ ಕಥೆಯೂ ಇಂಥದೇ. ಮಲೇರಿಯಾ ರೋಗಾಣು ಹೊಕ್ಕ ರಕ್ತಕಣಗಳು ಸುತ್ತಲಿನ ಆರೋಗ್ಯವಂತ ಕಣಗಳನ್ನು ಅಂಟಿಸಿಕೊಂಡು ಗೊಂಚಲುಗಟ್ಟಿ, ಸಣ್ಣ ರಕ್ತನಾಳಗಳನ್ನು ಮುಚ್ಚುತ್ತವೆ. ‘ಎ’, ‘ಬಿ’ ಸಕ್ಕರೆಗಳಿದ್ದರೆ ಈ ಗೊಂಚಲು ಗಟ್ಟಿ; ‘ಓ’ ಆದರೆ ಸಡಿಲ. ಆದ್ದರಿಂದ ‘ಓ’ ಗುಂಪಿನವರಿಗೆ ಫಾಲ್ಸಿಪ್ಯಾರಂ ಮಲೇರಿಯಾ ಬಂದರೂ ಅದು ಮಾರಕವಾಗುವ ಸಂಭವ ಕಡಿಮೆ. ಅದೇ ‘ಓ’ ಗುಂಪಿನವರಿಗೆ ಕಾಲರಾ ಬಂದರೆ ಅದು ತೀವ್ರವಾಗುವ ಸಂಭವ ಹೆಚ್ಚು. ಒಂದು ರೋಗಕ್ಕೆ ಅನುಕೂಲವಾದದ್ದು ಇನ್ನೊಂದಕ್ಕೆ ಪ್ರತಿಕೂಲ. ಆದ್ದರಿಂದಲೇ ಪ್ರಕೃತಿಯು ಯಾವ ಒಂದು ಗುಂಪನ್ನೂ ಗೆಲ್ಲಿಸಿಲ್ಲ. ಗಿಬ್ಬನ್ ವಾನರಗಳಲ್ಲೂ ನಮ್ಮಂತೆಯೇ ‘ಎ’, ‘ಬಿ’ ಭೇದವಿದೆ; ಅದು ಕನಿಷ್ಠ 2 ಕೋಟಿ ವರ್ಷಗಳಿಂದ ನಡೆದುಬಂದ ಭೇದವೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಚಿಂಪಾಂಜಿಗಳಲ್ಲಿ ‘ಬಿ’ ಇಲ್ಲ, ಗೊರಿಲ್ಲಾಗಳಲ್ಲಿ ‘ಬಿ’ಯ ಹೊರತು ಬೇರೆಯಿಲ್ಲ. ಇವುಗಳಲ್ಲಿ ಉತ್ತಮ ರಕ್ತ ಯಾವುದು, ಅಧಮ ರಕ್ತ ಯಾವುದು ಎಂದು ಕೇಳುವುದೇ ಅರ್ಥವಿಲ್ಲದ ಪ್ರಶ್ನೆ.

ಬಾಂಬೆ ಗುಂಪಿನ ನಮ್ಮ ದೇಶದವರಲ್ಲಿ ಸಾಮಾನ್ಯವಾಗಿ ಕಂಡುಬರುವ ಇನ್ನೊಂದು ವಿಶೇಷವುಂಟು. ಕರುಳು, ಜೊಲ್ಲುಗಳಲ್ಲಿ ಇದೇ ಸಕ್ಕರೆಯನ್ನು ಜೋಡಿಸುವ ಎರಡನೆಯ ಕಿಣ್ವದ ವಂಶವಾಹಿಯೂ ಅವರಲ್ಲಿ ಇರುವುದಿಲ್ಲ. ಈ ಎರಡನೆಯ ಕಿಣ್ವವಿಲ್ಲದವರಿಗೆ ವಾಂತಿಭೇದಿ ತರುವ ನೊರೋವೈರಸ್ಸಿನ ಹಲವು ಬಗೆಗಳು ತಗುಲುವುದಿಲ್ಲ. ವೈರಸ್ಸು ಕಾಲೂರಲು ಬೇಕಾದ ಸಕ್ಕರೆಯ ಮೆಟ್ಟಿಲೇ ಅಲ್ಲಿಲ್ಲ.

ಆದರೂ ಬಾಂಬೆ ಗುಂಪಿನವರಿಗೆ ಅಪಾಯವುಂಟಲ್ಲ ಎಂದರೆ, ಉಂಟು. ಅದು ಯಾವ ಬಗೆಯ ಅಪಾಯವೆಂಬುದನ್ನು ತಿಳಿಯಲು ಮನೆಯ ಬೆಕ್ಕನ್ನು ನೋಡಿದರೆ ಸಾಕು. ನಮ್ಮ ಯಕೃತ್ತಿನಲ್ಲಿ, ದೇಹಕ್ಕೆ ಬೇಡವಾದ ವಸ್ತುಗಳಿಗೆ ಸಕ್ಕರೆಯ ಒಂದು ರೂಪವನ್ನು ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುವ ಕಿಣ್ವಗಳಿವೆ. ಹಸುಗೂಸುಗಳಲ್ಲಿ ಹುಟ್ಟಿದ ಕೂಡಲೇ ಇಂಥ ಒಂದು ಕಿಣ್ವದ ಶಕ್ತಿ ಸಾಲದಿರುವುದೇ ಅವುಗಳ ಮೈ ಹಳದಿಯಾಗುವುದಕ್ಕೆ ಒಂದು ಮುಖ್ಯ ಕಾರಣ. ಬೆಕ್ಕು, ಹುಲಿ, ಸಿಂಹಗಳ ಜಾತಿಯಲ್ಲಿ ಈ ಕುಟುಂಬದ ಒಂದು ಕಿಣ್ವ ನಿಷ್ಕ್ರಿಯವಾಗಿದೆ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಗಿಡಮೂಲಿಕೆಗಳ ವಿಷವನ್ನು ಕಳೆಯುವ ಅಗತ್ಯ ಕಡಿಮೆಯಾದ್ದರಿಂದ ಆ ನಷ್ಟ ಯಾರ ಗಮನಕ್ಕೂ ಬಾರದೆ ಉಳಿಯಿತೆಂದು ಊಹಿಸಲಾಗಿದೆ. ಲಕ್ಷಾಂತರ ವರ್ಷ ಬೆಕ್ಕುಗಳು ಸುಖವಾಗಿದ್ದುವು. ಮನುಷ್ಯ ಪ್ಯಾರಾಸಿಟಮಾಲ್ ಕಂಡುಹಿಡಿದ. ನಮ್ಮ ಜ್ವರ ಇಳಿಸುವ ಆ ಮಾತ್ರೆ ಬೆಕ್ಕಿಗೆ ವಿಷವಾಯಿತು. ದೋಷ ಬೆಕ್ಕಿನದೋ, ತಿಳಿಯದೆ ಮಾತ್ರೆ ತಿನ್ನಿಸಿದವನದೋ?

ಬಾಂಬೆ ಗುಂಪಿನವರ ವಿಚಾರವೂ ಹೀಗೆಯೇ. ಅವರು ಎಲ್ಲರಂತೆ ಆರೋಗ್ಯವಂತರು. ಎಲ್ಲರಂತೆ ದುಡಿಯುತ್ತಾರೆ, ಹೆರುತ್ತಾರೆ, ಮುಪ್ಪಾಗುತ್ತಾರೆ. ಅಪಾಯ ಬರುವುದು ರಕ್ತ ಪಡೆಯಬೇಕಾದ ಗಳಿಗೆಯಲ್ಲಿ ಮಾತ್ರ. ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ಮನುಷ್ಯ ನಿರ್ಮಿಸಿದ್ದು. ಆದುದರಿಂದ ಅದರ ಅಪಾಯವನ್ನು ತಡೆಯುವ ಹೊಣೆಯೂ ಮನುಷ್ಯನ ತಿಳಿವಳಿಕೆಯ ಮೇಲಿದೆ, ಆ ಹೆಣ್ಣುಮಗಳ ತವರುಮನೆಯ ಮೇಲಲ್ಲ.

ನಮ್ಮ ಕಳ್ಳುಬಳ್ಳಿ, ನಮ್ಮ ಓಣಿ

ಹತ್ತು ಸಾವಿರಕ್ಕೊಬ್ಬರ ಸಲುವಾಗಿ ಇಷ್ಟೊಂದು ಚಿಂತೆ ಏಕೆ ಎಂಬ ಪ್ರಶ್ನೆ ಸಹಜವೇ. ಈ ಗುಂಪು ಕಾಣಿಸಿಕೊಳ್ಳಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಕೆಲಸ ಮಾಡದ ವಂಶವಾಹಿ ಬಂದು ಸೇರಬೇಕು. ಒಂದೇ ಕಡೆಯಿಂದ ಬಂದರೆ ಏನೂ ತಿಳಿಯುವುದಿಲ್ಲ. ಅಜ್ಜನಲ್ಲೋ ಅಜ್ಜಿಯಲ್ಲೋ ಅಡಗಿದ್ದ ಒಂದೇ ವಂಶವಾಹಿ ಎರಡು ದಾರಿಯಿಂದ ಬಂದು ಕೂಡುವುದು ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗ, ಮಾವನ ಮಗಳು ಇಂಥ ಸಂಬಂಧಗಳಲ್ಲಿ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರದು ರಕ್ತಸಂಬಂಧದೊಳಗಿನ ಮದುವೆ. ಪರಸ್ಥಳದಲ್ಲಿ ನೆಲೆಸಿರುವ ನಾವು ಊರಿನ ಕಳ್ಳುಬಳ್ಳಿಯನ್ನು ಬಿಡಬಾರದೆಂದು ಇದನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದೇವೆ. ಹಾಗಾಗಿ ದೇಶಕ್ಕೆಲ್ಲ ಅಪರೂಪವಾದದ್ದು ಒಂದು ಬಳಗದಲ್ಲಿ ಅಷ್ಟು ಅಪರೂಪವಾಗಿರಲಾರದು. ಒಳಸಂಬಂಧದ ಬಗ್ಗೆ ಇಲ್ಲಿ ಉಪದೇಶ ಮಾಡಲು ನಾನು ಕುಳಿತಿಲ್ಲ. ಅದಕ್ಕೆ ಬೇರೆ ಕಾರಣಗಳೂ ಬೇರೆ ವೇದಿಕೆಗಳೂ ಇವೆ. ಸಂಬಂಧವನ್ನು ಉಳಿಸಿಕೊಳ್ಳುವವರು ಅದರೊಡನೆ ಬರುವ ತಿಳಿವಳಿಕೆಯ ಹೊಣೆಯನ್ನೂ ಹೊರಬೇಕು ಎಂಬುದಷ್ಟೇ ನನ್ನ ವಾದ.

ಮತ್ತೊಂದು ಸೂಕ್ಷ್ಮ ವಿಚಾರವನ್ನು ಹೇಳದೆ ಬಿಡಲಾರೆ. ತಂದೆ ‘ಎಬಿ’ ಗುಂಪಿನವರಾದರೆ ಮಗು ‘ಓ’ ಆಗುವುದಿಲ್ಲವೆಂದು ಪುಸ್ತಕದಲ್ಲಿದೆ. ಆದರೆ ಮಗು ಬಾಂಬೆ ಗುಂಪಿನದಾದರೆ ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದೇ ತೋರುತ್ತದೆ. ಅರ್ಧ ತಿಳಿದವರು ಆಗ ತಾಯಿಯ ಶೀಲವನ್ನೇ ಶಂಕಿಸುತ್ತಾರೆ. ಒಂದು ಕಿಣ್ವದ ಸಂಗತಿ ತಿಳಿಯದೆ ಒಬ್ಬ ಹೆಣ್ಣುಮಗಳ ಬಾಳು ಹಾಳಾಗುವುದೆಂದರೆ, ಅದಕ್ಕಿಂತ ದೊಡ್ಡ ಅಜ್ಞಾನ ಯಾವುದಿದೆ?

ಗೋವಾದಲ್ಲಿ ನಮ್ಮ ಜನರ ಬೆರಳಿಗೆ ಸೂಜಿ ಚುಚ್ಚುವುದು ಹೊಸದೇನಲ್ಲ. ಕಟ್ಟಡದ ಕೆಲಸಕ್ಕೆ ಬಂದವರ ರಕ್ತವನ್ನು ಮಲೇರಿಯಾಕ್ಕಾಗಿ ಪರೀಕ್ಷಿಸಿ ಆರೋಗ್ಯ ಕಾರ್ಡು ಕೊಡುವ ಕ್ರಮ ಇಲ್ಲಿದೆ. ಮಲೇರಿಯಾ ತರುವವರು ನಾವೇ ಎಂಬ ಮಾತನ್ನೂ ನಮ್ಮ ಹಿರಿಯರು ಸಹಿಸಿಕೊಂಡಿದ್ದಾರೆ. ಊರವರ ರಕ್ಷಣೆಗಾಗಿ ಎಷ್ಟೋ ಬಾರಿ ಬೆರಳು ನೀಡಿದ ನಾವು, ನಮ್ಮ ಹೆಣ್ಣುಮಕ್ಕಳ ರಕ್ಷಣೆಗಾಗಿ ಇನ್ನೊಮ್ಮೆ ಬೆರಳು ನೀಡಲಾರೆವೇ?

ಮುಂದಿನ ಐವತ್ತಕ್ಕೆ ಕೆಲವು ಸಲಹೆಗಳು

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕಮಾನು ಕಟ್ಟಿಸುವ, ರಂಗಮಂದಿರ ಕಟ್ಟಿಸುವ ಮಾತನಾಡುತ್ತಿದ್ದಾರೆ. ಅವೂ ಆಗಲಿ. ಅವುಗಳೊಡನೆ, ಕಲ್ಲು ಸಿಮೆಂಟು ಬೇಡದ ಒಂದು ಕೆಲಸವನ್ನೂ ಕೈಗೊಳ್ಳಬೇಕೆಂದು ನನ್ನ ವಿನಂತಿ.

ಮೊದಲನೆಯದಾಗಿ, ನಮ್ಮಲ್ಲಿ ‘ಓ’ ಎಂದು ಕಾರ್ಡು ಪಡೆದ ಪ್ರತಿಯೊಬ್ಬರೂ, ಅದರಲ್ಲೂ ಹತ್ತಿರದ ಸಂಬಂಧದಲ್ಲಿ ಮದುವೆಯಾದ ತಂದೆತಾಯಿಗಳ ಮಕ್ಕಳು, ರಕ್ತನಿಧಿಯಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಕ್ತಕಣಗಳನ್ನು ಮಾತ್ರವಲ್ಲದೆ ರಕ್ತದ್ರವವನ್ನೂ ‘ಓ’ ಕಣಗಳೊಡನೆ ಬೆರೆಸಿ ನೋಡಬೇಕು; ‘ಎಚ್’ ಇದೆಯೇ ಎಂದು ನೋಡಿ ಎಂದು ಬಾಯಿಬಿಟ್ಟು ಕೇಳಬೇಕು. ಹೆಣ್ಣುಮಕ್ಕಳಿಗೆ ಇದು ಚೊಚ್ಚಲ ಬಸುರಿಗೆ ಮೊದಲೇ ಆಗಬೇಕು. ಎರಡನೆಯದಾಗಿ, ಒಬ್ಬರಲ್ಲಿ ಈ ಗುಂಪು ಕಂಡುಬಂದರೆ ಒಡಹುಟ್ಟಿದವರೆಲ್ಲ ಪರೀಕ್ಷೆಗೆ ಮುಂದೆ ಬರಬೇಕು. ತಂದೆತಾಯಿ ಇಬ್ಬರಲ್ಲೂ ಆ ವಂಶವಾಹಿ ಅಡಗಿದ್ದರೆ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಮೂರನೆಯದಾಗಿ, ಹಳೆಯ ವಿದ್ಯಾರ್ಥಿಗಳ ಸಂಘವು ಅಪರೂಪದ ರಕ್ತದವರ ಒಂದು ದಾಖಲೆ ಪುಸ್ತಕವನ್ನಿಡಬೇಕು. ತೆಗೆದ ರಕ್ತ ಸಾಮಾನ್ಯ ಶೀತಕದಲ್ಲಿ ಐದಾರು ವಾರಗಳಿಗಿಂತ ಹೆಚ್ಚು ಉಳಿಯದು. ಆದ್ದರಿಂದ ಕೂಡಿಟ್ಟ ಬಾಟಲಿಗಿಂತ, ಕರೆದಾಗ ಬರುವ ಮನುಷ್ಯನೇ ಇಲ್ಲಿ ನಿಜವಾದ ಭಂಡಾರ. ಆ ಪುಸ್ತಕ ಗುಟ್ಟಾಗಿರಬೇಕು. ಹೆಸರು ಬರೆಸುವುದು ಅವರವರ ಇಚ್ಛೆಗೆ ಬಿಟ್ಟದ್ದಾಗಿರಬೇಕು. ನಾಲ್ಕನೆಯದಾಗಿ, ಈ ಪಾಠವನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಬೇಕು. ಕಿಣ್ವ, ವಂಶವಾಹಿ, ವಿಕಾಸ ಇವು ಕನ್ನಡಕ್ಕೆ ಭಾರವಾದ ಮಾತುಗಳಲ್ಲ. ತಾಯಂದಿರ ಕಿವಿಗೆ ಮುಟ್ಟಬೇಕಾದ ವಿಜ್ಞಾನ ತಾಯಿನುಡಿಯಲ್ಲಿ ಹೋಗದೆ ಬೇರೆ ಯಾವ ನುಡಿಯಲ್ಲಿ ಹೋದೀತು? ಕನ್ನಡ ಶಾಲೆ ಏಕೆ ಬೇಕೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.

ಆ ಹುಡುಗಿಯ ಅಣ್ಣನ ಸುದ್ದಿಯನ್ನು ಹೇಳಿ ಮುಗಿಸುತ್ತೇನೆ. ಅವನೂ ನನ್ನ ಶಿಷ್ಯನೇ. ಒಂದು ಸಂಜೆ ಮನೆಗೆ ಕರೆಸಿ, ಹಸು, ಮಂಗ, ಬೆಕ್ಕುಗಳ ಈ ಕಥೆಯನ್ನೆಲ್ಲ ಅವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಂಗ್ಯಾದ್ರ ಇದು ನಮ್ಮ ಮನಿ ಒಂದರದ್ದs ಅಲ್ಲೇನ್ರಿ ಸರ?” ಎಂದು ಕೇಳಿದ. ಅಲ್ಲಪ್ಪಾ ಎಂದೆ. ಮರುವಾರ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಅವನದೂ ಬಾಂಬೆ ಗುಂಪೇ. ಅಂದಿನಿಂದ ಎರಡು ಸಲ, ಗುರುತಿಲ್ಲದ ಊರಿನ ಗುರುತಿಲ್ಲದ ರೋಗಿಗಳಿಗಾಗಿ ರಾತ್ರಿ ಬಸ್ಸು ಹತ್ತಿ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ತಂಗಿಯ ಮುರಿದ ಸಂಬಂಧ ಮತ್ತೆ ಕೂಡಲಿಲ್ಲ. ಅದನ್ನು ಸರಿಪಡಿಸುವುದು ನನ್ನ ಕೈಯಲ್ಲಿಲ್ಲ. ಆದರೆ ನನ್ನ ಕೈಯಿಂದ ತಪ್ಪಾಗಿ ಬರೆದ ಆ ಒಂದು ಅಕ್ಷರವನ್ನು ಈ ಸಂಚಿಕೆಯ ಮೂಲಕವಾದರೂ ತಿದ್ದಬೇಕೆನ್ನಿಸಿತು. ಹಳೆಯ ಕಾರ್ಡುಗಳಲ್ಲಿ ನನ್ನ ಕೈಬರಹದ ‘ಓ’ ಇರುವ ವಿದ್ಯಾರ್ಥಿಗಳು ಇನ್ನೂ ಅನೇಕರಿದ್ದಾರೆ. ಅವರೆಲ್ಲರೂ ದಯವಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ. ಶಾಲೆಗೆ ಶುಭವಾಗಲಿ.